ಕೇಳುವವರ ಸಾಲು

ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಪ್ರೂಫ್ ತಿದ್ದಿದವರನ್ನು ಜನ ಏನೆಂದು ಕರೆಯಬೇಕು? ಕಾಗುಣಿತ ಮೇಷ್ಟ್ರು ಎಂದು ಕರೆದರು. ಅವರು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಆದರೆ ಯಾರ ಬಾಯಿಂದ ಯಾವ ಮಾತು ಬಂದರೂ ಅದರ ಬಾಲ ಹಿಡಿದು ಎಳೆಯುವ ಚಟ ಇದ್ದದ್ದರಿಂದ ಹೆಸರು ಅಂಟಿಕೊಂಡಿತು. ಔಷಧಿ ಚೀಟಿ, ಬಸ್ ಟಿಕೆಟ್ಟು, ಸೋಪಿನ ಹೊದಿಕೆ, ಯಾವುದೂ ಅವರ ಕೆಂಪು ಪೆನ್ನಿನಿಂದ ತಪ್ಪಿಸಿಕೊಂಡು ಆ ಮನೆ ದಾಟಿದ್ದಿಲ್ಲ.

ಇಂಥವರ ಕೈಗೆ ಅಳಿಯ ಹಾಡು ಕೇಳುವ ಯಂತ್ರವೊಂದನ್ನು ತಂದುಕೊಟ್ಟ. ಬೆಂಕಿಪೊಟ್ಟಣದಷ್ಟೇ ಇತ್ತು.

"ಮಾವ, ಇದ್ರಲ್ಲಿ ಹತ್ತು ಸಾವಿರ ಹಾಡು ಹಿಡಿಯುತ್ತೆ."

"ಅಷ್ಟನ್ನೂ ಕೇಳೋಕೆ ಎಷ್ಟು ದಿನ ಬೇಕು?"

ಅಳಿಯ ಮನಸ್ಸಿನಲ್ಲೇ ಗುಣಿಸಿದ. "ಹತ್ತಿರ ಹತ್ತಿರ ಒಂದು ತಿಂಗಳು."

"ನಿದ್ದೆ ಸೇರಿಸಿ ಹೇಳಿದ್ದೋ, ಬಿಟ್ಟು ಹೇಳಿದ್ದೋ?"

"ಬಿಟ್ಟು."

"ಹಾಗಾದ್ರೆ ಇದು ಆರೋಗ್ಯಕ್ಕೆ ಒಳ್ಳೇದಲ್ಲ," ಎಂದು ಮೇಷ್ಟ್ರು ಯಂತ್ರವನ್ನು ಮೇಜಿನ ಮೇಲಿಟ್ಟರು.

ಅಲ್ಲಿಂದ ಶುರುವಾಯಿತು ನೋಡಿ ಅವರ ಅಭಿಪ್ರಾಯಗಳ ಕಾಟ. ಜೇಬಿನಲ್ಲಿ ಸುಮ್ಮನೆ ಇಟ್ಟರೂ ತನಗೆ ತಾನೇ ಗಂಟು ಹಾಕಿಕೊಳ್ಳುವ ವೈರನ್ನು ಕಿವಿಗೆ ಸಿಕ್ಕಿಸಿಕೊಳ್ಳಬಾರದು. ಗುಂಡಿ ಎಲ್ಲಿದೆ ಎಂದು ಹುಡುಕಿಸುವ ಯಂತ್ರ ಯಂತ್ರವೇ ಅಲ್ಲ. ಹಾಡು ಮಾರುವ ಅಂತರ್ಜಾಲದ ಅಂಗಡಿಯ ಮೇಲಂತೂ ಅವರಿಗೆ ಕೆಂಡದಂಥ ಕೋಪ, ಯಾಕೆಂದರೆ ಅದರ ಕನ್ನಡವನ್ನು ಯಾವ ಪುಣ್ಯಾತ್ಮನೋ ಕಣ್ಣು ಮುಚ್ಚಿಕೊಂಡು ಬರೆದಿದ್ದ. ತೆರೆದ ಕೂಡಲೇ 'ನಿಮ್ಮ ಗಾಡಿ ಖಾಲಿ ಇದೆ' ಎಂದು ಬಂತು. ಮೇಷ್ಟ್ರು ಕೂತು ಉತ್ತರ ಬರೆದರು: 'ನನ್ನ ಬಳಿ ಗಾಡಿ ಇಲ್ಲ. ಸೈಕಲ್ ಇದೆ. ಅದರ ಮೇಲೆ ಸದ್ಯಕ್ಕೆ ಯಾರೂ ಕೂತಿಲ್ಲ ಎಂಬುದು ನಿಜ.' ಅಂಗಡಿ ಮರುದಿನ ಬರೆಯಿತು: 'ನಿಮ್ಮ ಅಭಿಪ್ರಾಯ ಅಮೂಲ್ಯ. ದಯವಿಟ್ಟು ಐದು ನಕ್ಷತ್ರ ಕೊಡಿ.' ನಕ್ಷತ್ರಗಳು ತಮ್ಮ ಸುಪರ್ದಿಯಲ್ಲಿಲ್ಲ ಎಂದು ಮೇಷ್ಟ್ರು ತಿಳಿಸಿದರು. ಹೀಗೆ ಹದಿನೇಳು ಪತ್ರಗಳಾದವು.

ಹೆಂಡತಿ ಇದ್ಯಾವುದಕ್ಕೂ ತಲೆ ಹಾಕಲಿಲ್ಲ. ಆಕೆ ಬೀದಿಯ ಮೂಲೆಯಲ್ಲಿ ಗುಂಡಿ, ದಾರ, ಜಿಪ್ಪು ಮಾರುವ ಪುಟ್ಟ ಅಂಗಡಿ ಇಟ್ಟಿದ್ದವಳು. ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಹಾಡನ್ನು ಯಂತ್ರಕ್ಕೆ ಹಾಕಿಸಿದಳು. ಮದುವೆಗೆ ಮುಂಚೆ, ಗುಂಪಿನಲ್ಲಿ ಹಾಡುವ ಕೆಲಸ ಮಾಡುತ್ತಿದ್ದ ಕಾಲದ್ದು ಆ ಹಾಡು.

ಆ ಹಾಡಿನ ಹೆಸರು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರ ಕೆಂಪು ಪೆನ್ನು ಅರ್ಧಕ್ಕೇ ನಿಂತಿತು. ಮೂವತ್ತೊಂದು ವರ್ಷದ ಹಿಂದೆ, ಮದುವೆಯಾದ ಎರಡನೇ ವಾರ, ಅವಳು ಹೊಸ ಕ್ಯಾಸೆಟ್ಟೊಂದನ್ನು ಅವರ ಕೈಗಿಟ್ಟು, "ಎರಡನೇ ಚರಣದಲ್ಲಿ ಕೊಳಲು ನಿಲ್ಲುತ್ತಲ್ಲ, ಅಲ್ಲಿ ನಾನೊಬ್ಬಳೇ ಹಾಡಿರೋದು. ನಾನೂ ಇನ್ನೂ ಕೇಳಿಲ್ಲ, ಮೊದಲು ನೀವು ಕೇಳಿ," ಎಂದಿದ್ದಳು. ಮೇಷ್ಟ್ರು ಅದನ್ನು ಪ್ರೆಸ್ಸಿಗೆ ಒಯ್ದರು. ಅವತ್ತು ರೈಲ್ವೆ ವೇಳಾಪಟ್ಟಿಯ ಪ್ರೂಫು ಬಂದು ಬಿದ್ದಿತ್ತು. ಕ್ಯಾಸೆಟ್ಟು ಚೀಲದಿಂದ ಆಚೆಗೇ ಬರಲಿಲ್ಲ. ಸಂಜೆ ಬಾಗಿಲಲ್ಲೇ ನಿಂತಿದ್ದ ಹೆಂಡತಿಯ ಮುಖ ನೋಡಿ ನಿಜ ಹೇಳುವ ಧೈರ್ಯ ಬರಲಿಲ್ಲ. "ಕೇಳಿದೆ, ತುಂಬಾ ಚೆನ್ನಾಗಿದೆ, ಅದರಲ್ಲೂ ಆ ಎರಡನೇ ಚರಣ," ಅಂದುಬಿಟ್ಟರು. ಅಚ್ಚಿನಲ್ಲಿ ಒಂದು ಒತ್ತಕ್ಷರದ ತಪ್ಪನ್ನೂ ಬಿಡದ ಮನುಷ್ಯ ಜೀವನದಲ್ಲಿ ಬಿಟ್ಟ ದೊಡ್ಡ ತಪ್ಪು ಅದು. ಆಮೇಲೆ ಆ ಕ್ಯಾಸೆಟ್ಟಿನ ರೀಲು ಸಿಕ್ಕಿಹಾಕಿಕೊಂಡು ಹಾಳಾಯಿತು, ಮೇಷ್ಟ್ರು ನಿಟ್ಟುಸಿರು ಬಿಟ್ಟರು.

ಈಗ ಅದೇ ಹಾಡಿನ ಬಗ್ಗೆ ಅಂತರ್ಜಾಲದ ಅಂಗಡಿಯಿಂದ ನೋಟೀಸು ಬಂತು. ಈ ಹಾಡಿಗೆ ಇದುವರೆಗೆ ಹೊರಗಿನ ಕೇಳುಗರು ಒಬ್ಬರೂ ಇಲ್ಲ. ತಿಂಗಳ ಕೊನೆಯ ದಿನ ಸಂಜೆ ಐದರೊಳಗೆ ಒಬ್ಬರಾದರೂ ಕೇಳದಿದ್ದರೆ ಅಳಿಸಿಹಾಕಲಾಗುವುದು. ಹಾಡಿದವರ ಪಟ್ಟಿಯಲ್ಲಿ ಹೆಸರಿರುವವರು ಎಷ್ಟು ಸಲ ಕೇಳಿದರೂ ಲೆಕ್ಕಕ್ಕಿಲ್ಲ.

"ನಾನು ಇನ್ನೂರು ಸಲ ಕೇಳಿದೀನಿ. ಅದ್ಯಾವುದೂ ಲೆಕ್ಕಕ್ಕೆ ಬರಲ್ವಂತೆ," ಎಂದಳು ಹೆಂಡತಿ. "ನೀವೊಂದ್ಸಲ ಕೇಳಿಬಿಡಿ. ಈ ಹಾಡು ಹೋಗಬಾರದು ನಂಗೆ."

ಹೆಂಡತಿ ಇಷ್ಟು ಸ್ಪಷ್ಟವಾಗಿ ಏನನ್ನಾದರೂ ಬೇಡಿದ್ದು ಮೇಷ್ಟ್ರಿಗೆ ನೆನಪಿರಲಿಲ್ಲ. ಅವರು ವೈರುಗಳನ್ನು ಕಿವಿಗೆ ಸಿಕ್ಕಿಸಿಕೊಂಡು, ತಮ್ಮ ಹೆಸರು ಕೊಟ್ಟು ಗುಂಡಿ ಒತ್ತಿದರು. ಹಾಡು ಬರಲಿಲ್ಲ. ಪ್ರಶ್ನೆಯೊಂದು ಬಂತು: 'ಈ ಹಾಡನ್ನು ನೀವು ಕೇಳಿದ್ದೀರಾ? ಹೌದು / ಇಲ್ಲ.'

ಬೇರೆ ಯಾರಾದರೂ ಆಗಿದ್ದರೆ ಕಣ್ಣು ಮುಚ್ಚಿ ಒಂದನ್ನು ಒತ್ತುತ್ತಿದ್ದರು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಕೇಳಿದ್ದೀರಾ ಎಂದರೆ ಏನು? ಕಿವಿಯಿಂದ ಕೇಳುವುದೋ, ಬೇಕೆಂದು ಬಾಯಿಂದ ಕೇಳುವುದೋ? ಅಂಗಡಿ ಎಂದ ಮೇಲೆ ಬೇಕೆಂದು ಕೇಳುವುದೇ ಇರಬೇಕು. ಈ ಹಾಡು ಬೇಕೆಂದು ಕೇಳಿದ್ದು ಹೆಂಡತಿ, ತಾವಲ್ಲ. ಅವರು 'ಇಲ್ಲ' ಒತ್ತಿದರು. 'ಕೇಳದ ಹಾಡನ್ನು ಕೊಡಲಾಗದು' ಎಂದು ಯಂತ್ರ ಬಾಯಿ ಮುಚ್ಚಿತು. ಗಾಬರಿಯಾಗಿ ಮತ್ತೆ ತೆರೆದು 'ಹೌದು' ಒತ್ತಿದರು. 'ನಿಮ್ಮ ಎರಡು ಹೇಳಿಕೆಗಳು ಒಂದಕ್ಕೊಂದು ಹೊಂದುತ್ತಿಲ್ಲ. ಯಂತ್ರದೊಂದಿಗೆ ಖುದ್ದಾಗಿ ಬನ್ನಿ' ಎಂದು ವಿಳಾಸ ಬಂತು. ಅವತ್ತೇ ತಿಂಗಳ ಕೊನೆಯ ದಿನ, ಗಂಟೆ ಮೂರೂವರೆ.

ಅಂತರ್ಜಾಲದ ಅಂಗಡಿಗೆ ಕಟ್ಟಡ ಇರುತ್ತದೆ ಎಂದು ಮೇಷ್ಟ್ರು ಅಂದುಕೊಂಡಿರಲಿಲ್ಲ. ಇತ್ತು. ನಾಲ್ಕನೇ ಮಹಡಿ, ಲಿಫ್ಟು ಕೆಟ್ಟಿತ್ತು. ಹೆಂಡತಿ ತನ್ನ ಅಂಗಡಿಯ ಬಾಗಿಲೆಳೆದು ಜೊತೆಗೇ ಬಂದಿದ್ದಳು. ಉದ್ದನೆಯ ಹಾಲಿನ ಮಧ್ಯೆ 'ಕೇಳುವವರ ಸಾಲು' ಎಂದು ಬೋರ್ಡು ತೂಗುತ್ತಿತ್ತು. ಅದರ ಕೆಳಗೆ ನಲವತ್ತು ಜನ. ಅರ್ಧ ಜನ ಕಿವಿಗೆ ವೈರು ಹಾಕಿಕೊಂಡು ತಲೆ ಅಲ್ಲಾಡಿಸುತ್ತಿದ್ದರೆ, ಉಳಿದರ್ಧ ಜನ ಅವರನ್ನು ಏನೇನೋ ವಿಚಾರಿಸುತ್ತಿದ್ದರು, ಅವರಿಗೆ ಕೇಳಿಸುತ್ತಿರಲಿಲ್ಲ.

ಬಾಗಿಲ ಕಾವಲಿನವನು ತಡೆದ. "ನೀವು ಕೇಳೋಕೆ ಬಂದವರಾ, ಕೇಳೋಕೆ ಬಂದವರಾ?"

"ಎರಡನೇದು," ಎಂದರು ಮೇಷ್ಟ್ರು.

"ಹಾಗಾದ್ರೆ ಇದೇ ಸಾಲು."

"ಮೊದಲನೇದಾಗಿದ್ರೆ?"

"ಆಗ್ಲೂ ಇದೇ."

ಬೋರ್ಡಿನ ಆ ಪದವನ್ನು ತಿದ್ದಲು ಮೇಷ್ಟ್ರ ಕೈ ಜೇಬಿನ ಕೆಂಪು ಪೆನ್ನಿನತ್ತ ಹೋಯಿತು. "ರೀ, ಈಗ ಬೇಡ," ಎಂದಳು ಹೆಂಡತಿ. ಸಾಲು ಆಮೆಯಂತೆ ಸರಿಯಿತು. ಅವರ ಮುಂದಿದ್ದ ಬಡಗಿಯೊಬ್ಬ ತಾನು ಬೆಳಿಗ್ಗೆ ಶೌಚಾಲಯ ಎಲ್ಲಿದೆ ಎಂದು ಕೇಳಲು ಒಳಗೆ ಬಂದವನೆಂದೂ, ಮತ್ತೆ ಮತ್ತೆ ಸಾಲಿಗೆ ಕಳಿಸಿ ಇಷ್ಟು ಹೊತ್ತಿಗೆ ಆರು ಹಾಡು ಕೇಳಿಸಿದರೆಂದೂ, ಮೂರನೆಯದು ಪರವಾಗಿಲ್ಲವೆಂದೂ ಹೇಳಿಕೊಂಡ.

ನಾಲ್ಕೂವರೆಗೆ ಅವರ ಸರದಿ ಬಂತು. ಗಾಜಿನ ಹಿಂದೆ 'ಅಭಿಪ್ರಾಯಾಧಿಕಾರಿ' ಎಂಬ ಹಲಗೆ ಇಟ್ಟುಕೊಂಡು ತೆಳ್ಳಗಿನ ವ್ಯಕ್ತಿಯೊಬ್ಬ ಕೂತಿದ್ದ. ಅವನು ಮೇಷ್ಟ್ರ ಹದಿನೇಳು ಪತ್ರಗಳನ್ನೂ ಹೊರತೆಗೆದು ಜೋಡಿಸಿದ.

"ಸೈಕಲ್ಲಿನವರು ನೀವೇನಾ?"

"ನಾನೇ."

"ಸರಿ. ಒಂದೇ ಪ್ರಶ್ನೆ. ಈ ಹಾಡನ್ನ ಹಿಂದೆ ಯಾವತ್ತಾದ್ರೂ ಕೇಳಿದ್ರಾ? ಕಿವಿಯಿಂದ." ಕಿವಿಯಿಂದ ಎಂಬ ಮಾತನ್ನು ಒತ್ತಿ ಹೇಳಿದ. "ಕೇಳಿದ್ರೆ ನೀವು ಹಳೇ ಕೇಳುಗರು, ಲೆಕ್ಕಕ್ಕೆ ಬರಲ್ಲ. ಹಾಡು ಐದಕ್ಕೆ ಅಳಿಸಿಹೋಗುತ್ತೆ. ಕೇಳಿಲ್ಲ ಅಂದ್ರೆ ಹೊಸಬರು. ಇಲ್ಲೇ ಕೇಳಿ ಅಭಿಪ್ರಾಯ ಹೇಳಿದ್ರೆ ಉಳಿಯುತ್ತೆ."

ಹೌದು ಎಂದರೆ ಹೆಂಡತಿಯ ಹಾಡು ಹೋಗುತ್ತದೆ. ಇಲ್ಲ ಎಂದರೆ ಮೂವತ್ತೊಂದು ವರ್ಷ ಅವಳ ಕಿವಿ ಮೇಲೆ ಹೂವಿಟ್ಟದ್ದು ಅವಳೆದುರೇ ಬಯಲಾಗುತ್ತದೆ. ಪಕ್ಕಕ್ಕೆ ನೋಡಿದರು. ಅವಳು ತಲೆ ತಗ್ಗಿಸಿ ವೈರಿನ ಗಂಟು ಬಿಡಿಸುತ್ತಿದ್ದಳು, ಅಂಗಡಿಯಲ್ಲಿ ಸಿಕ್ಕುಬಿದ್ದ ದಾರ ಬಿಡಿಸುವಂತೆ. ಈ ಮನುಷ್ಯನಿಗೆ ಆ ಕ್ಷಣ ತಾನು ಎಷ್ಟು ಸಣ್ಣವನು ಅನ್ನಿಸಿ ನಾಚಿಕೆಯಾಯಿತು.

"ಕೇಳಿಲ್ಲ," ಎಂದರು. ದನಿ ಹೊರಬಂದಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದರು. "ಯಾವತ್ತೂ ಕೇಳಿಲ್ಲ."

ಹೆಂಡತಿ ಬಿಡಿಸಿದ ವೈರನ್ನು ಅವರ ಕೈಗೆ ಕೊಟ್ಟಳು.

ಹಾಡು ಶುರುವಾಯಿತು. ಮೇಷ್ಟ್ರು ಕಣ್ಣು ಮುಚ್ಚಿ ಪ್ರೂಫ್ ಓದುವ ಹಾಗೆ ಅಕ್ಷರ ಅಕ್ಷರ ಬಿಡದೆ ಕೇಳಿದರು. ಮೊದಲ ಚರಣ ಆಯಿತು. ಎರಡನೆಯದು ಬಂತು. ಕೊಳಲು ನಿಂತಿತು. ನಿಂತದ್ದೇ ತಬಲಾ ಬಡಿಯಿತು, ಗಂಡು ದನಿ ಮುಂದಕ್ಕೆ ಓಡಿತು, ಹಾಡು ಮುಗಿಯಿತು. ಮೇಷ್ಟ್ರು ಕಣ್ಣು ತೆರೆದರು. ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ. ಬಿಟ್ಟುಹೋದ ಸಾಲು ಅವರ ಕಣ್ಣಿಗೆ ಯಾವತ್ತೂ ತಪ್ಪಿದ್ದಿಲ್ಲ, ಕಿವಿಗೂ ತಪ್ಪಲಿಲ್ಲ. ಇನ್ನೊಂದು ಸಲ ಹಾಕಿಸಿಕೊಂಡರು. ಮತ್ತೊಂದು ಸಲ.

"ಕೇಳಿದ್ರಾ?" ಎಂದ ಅಧಿಕಾರಿ. "ಐದಕ್ಕೆ ಹತ್ತು ನಿಮಿಷ ಇದೆ. ಅಭಿಪ್ರಾಯ ಹೇಳಿ."

ಮೇಷ್ಟ್ರು ಅವನಿಗೆ ಉತ್ತರ ಕೊಡದೆ ಹೆಂಡತಿಯತ್ತ ತಿರುಗಿದರು. "ಇವಳೇ, ನಿನ್ನ ದನಿ ಎಲ್ಲಿ?"

ಅವಳು ತಲೆ ಎತ್ತಿ ಗಂಡನನ್ನು ನೋಡಿದಳು. ಕಣ್ಣುಗಳು ತುಂಬಿದ್ದವು, ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ.

"ಕತ್ತರಿಸಿಬಿಟ್ಟಿದ್ರು. ಹಾಡು ಉದ್ದ ಆಯ್ತಂತೆ. ಪಟ್ಟೀಲಿ ಹೆಸರು ಮಾತ್ರ ಹಾಗೇ ಬಿಟ್ರು."

"ನಿಂಗೆ ಯಾವಾಗ ಗೊತ್ತಾಯ್ತು?"

"ನೀವು ಎರಡನೇ ಚರಣ ಚೆನ್ನಾಗಿದೆ ಅಂದ್ರಲ್ಲ, ಅದರ ಮಾರನೇ ದಿನ. ಪಕ್ಕದ ಮನೇಲಿ ಕೂತು ಕೇಳ್ದೆ."

ಮೇಷ್ಟ್ರು ಗಾಜಿನ ಅಂಚು ಹಿಡಿದುಕೊಂಡರು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ಕೇಳಿದ್ದಿದ್ರೆ ನೀವೇ ಕೇಳ್ತಿದ್ರಿ. ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಯಾವ ಕೇಳು ಯಾವುದು ಎಂದು ಮೇಷ್ಟ್ರು ಬಿಡಿಸಲು ಹೋಗಲಿಲ್ಲ. ಎರಡೂ ಸರಿಯಾಗಿ ಅವರಿಗೇ ತಗುಲಿದ್ದವು.

"ನಿನ್ನ ದನೀನೇ ಇಲ್ಲದ ಹಾಡು ಉಳಿಸ್ಕೊಂಡು ಏನು ಮಾಡ್ತೀಯೇ?"

"ಅದು ಇದ್ರೆ ಒಂದಲ್ಲ ಒಂದಿನ ನೀವು ಕೇಳ್ತೀರಿ ಅಂತ ಇತ್ತು," ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಧಿಕಾರಿ ಗಡಿಯಾರ ತೋರಿಸಿದ. "ನಾಲ್ಕು ನಿಮಿಷ. ಒಂದರಿಂದ ಐದರವರೆಗೆ ಎಷ್ಟು ನಕ್ಷತ್ರ, ಅಷ್ಟು ಹೇಳಿ ಸಾಕು."

ಮೇಷ್ಟ್ರು ಕಿವಿಯಿಂದ ಎರಡೂ ವೈರು ಕಿತ್ತು ಗಾಜಿನ ಮುಂದೆ ಇಟ್ಟರು. "ಹೇಗಿತ್ತು ಆ ಸಾಲು? ಕೊಳಲು ನಿಂತ ಮೇಲೆ."

"ಇಲ್ಲೇನಾ? ಇಷ್ಟು ಜನರ ಮಧ್ಯೆ?"

"ಇಲ್ಲೇ."

ಅವಳು ಸುತ್ತ ನೋಡಿದಳು. ಗಂಟಲು ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ, ಮೂವತ್ತೊಂದು ವರ್ಷ ಯಾರಿಗೂ ಹಾಡದ ದನಿಯಲ್ಲಿ, ಎಂಟು ಸೆಕೆಂಡಿನ ಆ ಸಾಲನ್ನು ಹಾಡಿದಳು. ಮೇಲಿನ ಸ್ವರ ಸ್ವಲ್ಪ ಒಡೆಯಿತು. ಮೇಷ್ಟ್ರು ಇನ್ನೊಂದು ಸಲ ಎನ್ನುವಂತೆ ಬೆರಳೆತ್ತಿದರು. ಅವಳು ಮತ್ತೆ ಶುರು ಮಾಡಿದಳು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಕಿವಿಯ ವೈರು ತೆಗೆದರು, ವಿಚಾರಿಸುತ್ತಿದ್ದವರು ಸುಮ್ಮನಾದರು.

ಅಧಿಕಾರಿ ಎದ್ದು ನಿಂತು ಗಾಜು ಬಡಿದ. "ಅಮ್ಮಾ, ಈ ಸಾಲು ನಮ್ಮ ಅಂಗಡೀಲಿ ಇಲ್ಲ, ಇಲ್ಲಿ ಹಾಡೋ ಹಾಗಿಲ್ಲ. ಸಾರ್, ಒಂದೇ ನಿಮಿಷ ಉಳಿದಿರೋದು. ನೀವು ಹೇಳದಿದ್ರೆ ಹಾಡು ಅಳಿಸಿಹೋಗುತ್ತೆ."

"ಅಳಿಸ್ಕೊಳ್ಳಿ," ಎಂದರು ಮೇಷ್ಟ್ರು, ಹೆಂಡತಿಯ ಮುಖದಿಂದ ಕಣ್ಣು ತೆಗೆಯದೆ. "ನಾನು ಕೇಳ್ತಾ ಇದೀನಿ."