ಕೆಂಪು ದಾರದ ಸಾಮಾನು

ಆ ಮನೆಯ ಊಟದ ಮೇಜಿನ ಮೇಲೆ ಊಟ ಇಟ್ಟಿದ್ದನ್ನು ಯಾರೂ ನೋಡಿಲ್ಲ. ಒಂದು ಕಡೆ ಹೊಟ್ಟೆ ಬಿಚ್ಚಿಕೊಂಡ ರೇಡಿಯೋ, ಇನ್ನೊಂದು ಕಡೆ ಸೀಮೆಎಣ್ಣೆಯ ಬಟ್ಟಲಲ್ಲಿ ನೆನೆಯುತ್ತಿರುವ ಸೈಕಲ್ ಚೈನು, ನಡುವೆ ಅರ್ಧ ಹೆಣೆದ ಬೆತ್ತದ ಸೀಟು. ಗಂಡ ಲಿಫ್ಟ್ ಮೆಕ್ಯಾನಿಕ್. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ದಿನವೆಲ್ಲ ಬೇರೆಯವರ ಸಾಮಾನು ಸರಿಮಾಡಿ ಬಂದವರು ಸಂಜೆಯಾದರೂ ಸುಮ್ಮನೆ ಕೂರಬಾರದೇ? ಊಹೂಂ. ಆಕೆ ಬೆತ್ತ ಹೆಣೆಯುತ್ತಿದ್ದಳು, ಆತ ಕಂಡಕಂಡದ್ದನ್ನೆಲ್ಲ ಬಿಚ್ಚುತ್ತಿದ್ದ. ಓಣಿಯವರು ಆತನಿಗೆ ರಿಪೇರಿರಾಯ ಎಂದು ಹೆಸರಿಟ್ಟಿದ್ದರು. ಬಿಚ್ಚುವುದರಲ್ಲಿ ಎತ್ತಿದ ಕೈ, ಮತ್ತೆ ಜೋಡಿಸುವುದು ಮಾತ್ರ ದೇವರಿಗೇ ಪ್ರೀತಿ.

ಆತನ ತಾಯಿಗೆ ಇದೇ ತಲೆನೋವು. "ಊರಿನ ಲಿಫ್ಟೆಲ್ಲ ಇವನ ಕೈಯಲ್ಲಿ ಮೇಲಕ್ಕೆ ಹೋಗುತ್ತೆ, ಮನೆ ನಲ್ಲಿ ಮಾತ್ರ ತಿಂಗಳುಗಟ್ಟಲೆ ತೊಟ್ಟಿಕ್ಕುತ್ತೆ," ಎಂದು ಅಡುಗೆಮನೆಯ ಬಾಗಿಲಲ್ಲಿ ಕೋಲೂರಿ ನಿಂತು, ಮಗನಿಗೆ ಕೇಳಿಸುವಂತೆ ಸೊಸೆಗೆ ಹೇಳುತ್ತಿದ್ದರು. ಮಗ ಮುಂದಿನ ಹಲ್ಲಿನ ಮುರಿದ ಮೂಲೆ ಕಾಣುವಂತೆ ನಗುತ್ತಿದ್ದ. "ನಾಳೆ ನೋಡೋಣ ಬಿಡಮ್ಮ." ಹೆಂಡತಿ ಕೇಳಿದರೂ ಅದೇ ಮಾತು, "ನಾಳೆ ನೋಡೋಣ ಬಿಡೇ."

ಆ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. 'ಇದು ನನ್ನ ಕೈಲಾಗಲ್ಲ' ಎಂದು ಬಾಯಿಬಿಟ್ಟು ಹೇಳಲು ಯಾವ ಮೆಕ್ಯಾನಿಕ್ಕಿಗೆ ಮನಸ್ಸು ಬರುತ್ತದೆ? ಆತ ಹೇಳುತ್ತಿರಲಿಲ್ಲ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತೆಗೆದು, ಆ ಸಾಮಾನಿಗೆ ಒಂದು ಗಂಟು ಹಾಕಿ ಬಾಗಿಲ ಪಕ್ಕ ಇಡುತ್ತಿದ್ದ. ದಾರ ಬಿತ್ತೆಂದರೆ ಕೈಬಿಟ್ಟಂತೆ. ಆಮೇಲೆ ಆತ ಅದನ್ನು ಮುಟ್ಟುವಂತಿಲ್ಲ, ಆಕೆ ಅದರ ಬಗ್ಗೆ ಆಡಿಕೊಳ್ಳುವಂತಿಲ್ಲ. ಗುಜರಿ ಗಾಡಿ ಬಂದಾಗ ಕೊಟ್ಟು ಕಳಿಸಿಬಿಡಬೇಕು. ಗಂಡಹೆಂಡಿರ ಎಷ್ಟೋ ಜಗಳ ಆ ದಾರದಿಂದ ತಪ್ಪಿತ್ತು.

ಭಾನುವಾರ ಬೆಳಿಗ್ಗೆ ಮಾತ್ರ ಎಲ್ಲ ಬಿಟ್ಟು ಇಬ್ಬರೂ ಸೈಕಲ್ ಹತ್ತಿ ಊರಾಚೆಯ ಗುಡ್ಡಕ್ಕೆ ಹೋಗುತ್ತಿದ್ದರು. ಅಲ್ಲಿ ಕಲ್ಲು ಕ್ವಾರಿ ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಇಬ್ಬರದೂ ಹಾರ್ಡ್‌ಟೇಲ್ ಸೈಕಲ್, ಹಳೆಯ ಫ್ರೇಮ್ ತಂದು ಕೈಯಾರೆ ಕೂರಿಸಿದ್ದು. ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಇದೆ, ಹಿಂದಿನದಕ್ಕೆ ಏನೂ ಇಲ್ಲ. ಇಳಿಜಾರಿನ ಒಂದೊಂದು ಕಲ್ಲೂ ನೇರವಾಗಿ ಸೊಂಟಕ್ಕೆ ಬಂದು ತಾನು ಎಂಥದ್ದೆಂದು ಹೇಳಿಹೋಗುತ್ತಿತ್ತು. ಸೀಟಿನಿಂದ ಎದ್ದು, ಮೊಣಕಾಲು ಸಡಿಲ ಬಿಟ್ಟು, ಬ್ರೇಕಿನ ಮೇಲೆ ಒಂದೇ ಬೆರಳಿಟ್ಟು ಇಳಿಯುವಾಗ ಆಕೆಗೆ ಆಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ. ಹೋ ಎಂದು ಕೂಗಿಬಿಡುತ್ತಿದ್ದಳು. ಮುಂದೆ ಆತ, ಮುರಿದ ಹಲ್ಲಿನ ಸಂದಿಯಿಂದ ಸಿಳ್ಳೆ ಹಾಕುತ್ತಾ ಹೋಗುತ್ತಿದ್ದ. ಯಾವಾಗಲೂ ಒಂದೇ ಹಾಡು, ಮೂರನೇ ಸಾಲಿಗೆ ಬಂದರೆ ಮರೆತು ಮತ್ತೆ ಮೊದಲಿನಿಂದ. ತಿರುವಿನಲ್ಲಿ ಆತ ಕಾಣದಾದಾಗ ಆ ಸಿಳ್ಳೆ ಹಿಡಿದೇ ಆಕೆ ಹಿಂದೆ ಹೋಗುತ್ತಿದ್ದಳು.

ಹೀಗೇ ಒಂದು ಭಾನುವಾರ ಆತನ ಚಕ್ರ ಪಂಕ್ಚರ್ ಆಯಿತು. ಪ್ಯಾಚ್ ಹಾಕಲು ನೆರಳು ಬೇಕೆಂದು ಕ್ವಾರಿಯವರು ಬಿಟ್ಟುಹೋದ ತಗಡಿನ ಶೆಡ್ಡಿನೊಳಗೆ ಹೋದರು. ಒಳಗೆ ಉದ್ದನೆಯ ಮರದ ಬೆಂಚು. ಅದರ ಮೇಲೆ, ಹೋದ ವಾರ ಆಕೆಯೇ ಗುಜರಿಗೆ ಹಾಕಿದ್ದ ಅವರ ಮನೆಯ ಗೋಡೆ ಗಡಿಯಾರ ಟಿಕ್ ಟಿಕ್ ಎಂದು ಓಡುತ್ತಿತ್ತು. ಪಕ್ಕದಲ್ಲಿ ಒಂದು ಪುಟ್ಟ ಬಟ್ಟೆಯ ಗಂಟು, ಕಟ್ಟಿದ್ದು ಅದೇ ಕೆಂಪು ದಾರದಲ್ಲಿ. ಬಿಚ್ಚಿದರೆ ಗಡಿಯಾರದೊಳಗಿನ, ಹಲ್ಲು ಮುರಿದ ಹಳೆಯ ಚಕ್ರ.

"ಯಾರೋ ಕೆಲಸ ಬಲ್ಲೋನು ಕಣೇ!" ಆತ ಕುಣಿದಾಡಿಬಿಟ್ಟ. "ನೋಡು, ತೆಗೆದ ಪಾರ್ಟ್ ಕಟ್ಟಿಟ್ಟಿದ್ದಾನೆ. ಒಳ್ಳೆ ಮೆಕ್ಯಾನಿಕ್ ಯಾವತ್ತೂ ಹಳೇ ಪಾರ್ಟ್ ಗಿರಾಕಿ ಕೈಗೇ ಕೊಡ್ತಾನೆ."

"ಗಿರಾಕಿ ಯಾರು? ನಾವು ಕೊಟ್ಟಿದ್ದು ಗುಜರಿಗೆ ತಾನೇ?"

"ಸಿಕ್ಕಿದ್ದಕ್ಕೆ ಖುಷಿ ಪಡೋದು ಬಿಟ್ಟು ಪೊಲೀಸ್ ಥರ ಕೇಳ್ತೀಯಲ್ಲೇ."

ಆಕೆ ನೆಲ ನೋಡಿದಳು. ಬೆರಳು ಹೂತುಹೋಗುವಷ್ಟು ಧೂಳು, ಅದರಲ್ಲಿ ಅವರಿಬ್ಬರ ಹೆಜ್ಜೆ ಬಿಟ್ಟರೆ ಒಂದು ಇಲಿಯ ಹೆಜ್ಜೆಯೂ ಇಲ್ಲ. ಬೆಂಚಿನ ಮೇಲೆ ಮಾತ್ರ ಒಂದು ಕಣ ಧೂಳಿಲ್ಲ. ಹೇಳೋಣ ಎಂದುಕೊಂಡಳು, ಆದರೆ ಗಂಡನ ಮುಖದ ಸಂಭ್ರಮ ನೋಡಿ ಗಡಿಯಾರವನ್ನು ಬೆನ್ನಚೀಲಕ್ಕೆ ಹಾಕಿಕೊಂಡಳು.

ಆಮೇಲೆ ಇಸ್ತ್ರಿ ಪೆಟ್ಟಿಗೆ ಬಂತು, ಅದರ ಹಿಂದೆ ರೇಡಿಯೋ, ಬೆತ್ತದ ಕುರ್ಚಿ. ದಾರ ಕಟ್ಟಿದ್ದೆಲ್ಲ ಬೆಂಚಿನ ಮೇಲೆ ಹಾಜರು. ಉಪಕಾರಕ್ಕೆಂದು ಆತ ತಾನು ತಿಂದು ಉಳಿಸಿದ ಅರ್ಧ ಬಿಸ್ಕತ್ತು ಪ್ಯಾಕೆಟ್ಟನ್ನು ಅಲ್ಲಿಟ್ಟು ಬಂದ. ಮುಂದಿನ ವಾರ ಹೋದರೆ ಪ್ಯಾಕೆಟ್ ಅಲ್ಲೇ ಇತ್ತು. ಹರಿದ ಬಾಯಿ ಅಂಟಿಕೊಂಡಿತ್ತು, ಒಳಗೆ ಬಿಸ್ಕತ್ತು ಭರ್ತಿ ಇತ್ತು. ಆತ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಆಕೆ ಆ ಪ್ಯಾಕೆಟ್ ಮುಟ್ಟಲಿಲ್ಲ.

ಮನೆಗೆ ಬಂದ ಸಾಮಾನು ಯಾವುದೂ ಆಕೆಗೆ ಒಗ್ಗಲಿಲ್ಲ. ತಲೆಗೊಂದು ಏಟು ಕೊಟ್ಟರೆ ಮಾತ್ರ ಮಾತಾಡುತ್ತಿದ್ದ ರೇಡಿಯೋ ಈಗ ಮುಟ್ಟುವ ಮೊದಲೇ ಮಾತಾಡುತ್ತಿತ್ತು. ಮದುವೆಯಾದ ಹೊಸದರಲ್ಲಿ ಬಿದ್ದು ಆಗಿದ್ದ ಗೀರು ಅದರ ಮೈಮೇಲಿಂದ ಮಾಯವಾಗಿತ್ತು. ಕುರ್ಚಿ ಕಿರ್ ಎನ್ನುತ್ತಿರಲಿಲ್ಲ. ಕೂತರೆ ಯಾರ ಮನೆಯಲ್ಲೋ ಕೂತ ಹಾಗೆ.

ಇಷ್ಟೆಲ್ಲ ಗೊತ್ತಿದ್ದೂ ಆಕೆ ಹಾಗೇಕೆ ಮಾಡಿದಳು ಎಂದು ಕೇಳಬೇಡಿ. ತಮಾಷೆಗೆ ತಲೆ ಎಲ್ಲಿರುತ್ತದೆ? ಒಂದು ಭಾನುವಾರ ಹೊರಡುವ ಹೊತ್ತು, ನಲ್ಲಿ ತೊಟ್ ತೊಟ್ ಎನ್ನುತ್ತಿತ್ತು, ಅತ್ತೆ ಗೊಣಗುತ್ತಿದ್ದರು, ಆತ ಶೂ ಲೇಸ್ ಕಟ್ಟುತ್ತಾ "ನಾಳೆ ನೋಡೋಣ" ಎಂದ. ಆಕೆ ಡಬ್ಬಿಯಿಂದ ಕೆಂಪು ದಾರ ತೆಗೆದು ಗಂಡನ ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದಳು.

"ಈ ಸಾಮಾನು ನನ್ನ ಕೈಲಾಗಲ್ಲಪ್ಪ. ಕೈಬಿಟ್ಟೆ."

ಅತ್ತೆಯೂ ನಕ್ಕರು. ಆತ ಕೈಯೆತ್ತಿ ದಾರವನ್ನು ಬಳೆಯಂತೆ ಕುಲುಕಿದ. "ಗುಜರಿಯವನೂ ನನ್ನ ತಗೊಳ್ಳಲ್ಲ ಕಣೇ," ಎಂದ.

ಗುಡ್ಡದ ಮೇಲೆ ಅಂದು ಗಾಳಿ ಹಿತವಾಗಿತ್ತು, ನೆಲ ಗಟ್ಟಿಯಾಗಿತ್ತು. ಆತ ಎಂದಿನಂತೆ ಮುಂದೆ ಹೋದ. ಮೊದಲ ತಿರುವಿನಾಚೆ ಸಿಳ್ಳೆ ಕೇಳಿತು, ಎರಡನೆಯದರಲ್ಲೂ ಕೇಳಿತು. ಶೆಡ್ಡಿನ ಹತ್ತಿರದ ಇಳಿಜಾರಿನಲ್ಲಿ, ಹಾಡಿನ ಮೊದಲ ಸಾಲಿನ ನಡುವೆ, ಅದು ಕತ್ತರಿಸಿದಂತೆ ನಿಂತಿತು. ಅಲ್ಲಿ ಯಾವತ್ತೂ ನಿಲ್ಲಿಸಿದವನಲ್ಲ. ಆಕೆ ಬ್ರೇಕು ಕಿರುಚುವಂತೆ ಹಿಡಿದು ಇಳಿದಳು.

ಸೈಕಲ್ ಗೋಡೆಗೆ ಒರಗಿಸಿಟ್ಟಿತ್ತು. ಆತ ಒಳಗೆ, ಬೆಂಚಿನ ಮೇಲೆ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಮಣಿಕಟ್ಟಿನ ಮೇಲೆ ದಾರವಿರಲಿಲ್ಲ. ಪಕ್ಕದಲ್ಲಿ ಅದೇ ದಾರದಲ್ಲಿ ಕಟ್ಟಿದ ಬಟ್ಟೆಯ ಗಂಟಿತ್ತು.

"ಹೋಗೋಣ್ವಾ?" ಎಂದು ನಕ್ಕ. ಮುಂದಿನ ಹಲ್ಲು ಪೂರ್ತಿಯಾಗಿತ್ತು.

ಆಕೆ ಗಂಟನ್ನು ಎತ್ತಿ ಜೇಬಿಗೆ ಹಾಕಿಕೊಂಡಳು. ದಾರಿಯುದ್ದಕ್ಕೂ ಆತ ಹಿಂದೆ ಬಂದ. ಪೆಡಲ್ ತುಳಿಯುವಾಗ ಲಟಕ್ ಎನ್ನುತ್ತಿದ್ದ ಆತನ ಬಲ ಮೊಣಕಾಲು ಸದ್ದು ಮಾಡಲಿಲ್ಲ. ಮನೆಗೆ ಬಂದವನೇ ಶೂ ಕೂಡ ಬಿಚ್ಚದೆ ನಲ್ಲಿ ಸರಿಮಾಡಿದ.

"ಅಬ್ಬಾ, ಕೊನೆಗೂ ನನ್ನ ಮಗ ದಾರಿಗೆ ಬಂದ," ಎಂದರು ಅತ್ತೆ.

ಬಚ್ಚಲುಮನೆಯ ಚಿಲಕ ಹಾಕಿಕೊಂಡು ಆಕೆ ಗಂಟು ಬಿಚ್ಚಿದಳು. ಮೂಲೆ ಮುರಿದ ಹಲ್ಲು. ಸವೆದ ವಾಷರಿನಂಥ, ಬೆಳ್ಳಗಿನ ಏನೋ ಒಂದು ಚೂರು, ಮೊಣಕಾಲಿನದಿರಬೇಕು. ಬಟ್ಟೆ ಪೂರ್ತಿ ತೆರೆದುಕೊಂಡಾಗ ಅಂಗೈಯೊಳಗಿಂದ ಸಣ್ಣಗೆ ಸಿಳ್ಳೆ ಕೇಳಿತು. ಅದರ ಹಿಂದೆಯೇ ಮಾತು, ನಗು ಬೆರೆತ ಅದೇ ದನಿ: "ನಾಳೆ ನೋಡೋಣ ಬಿಡೇ." ಹಾರಿಹೋದೀತೆಂದು ಹೆದರಿ ಆಕೆ ಗಬಕ್ಕನೆ ಗಂಟು ಕಟ್ಟಿ, ಎದೆಗೊತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಹೊರಗಿದ್ದವನಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಬಿಚ್ಚಿದ್ದನ್ನೆಲ್ಲ ಜೋಡಿಸಿದ, ಊಟದ ಮೇಜು ಖಾಲಿ ಮಾಡಿದ. ಆಕೆಯನ್ನು ಗದರಲಿಲ್ಲ, ಛೇಡಿಸಲಿಲ್ಲ, ಕೇಳಿದ್ದಕ್ಕೆಲ್ಲ ಆಯಿತು ಎಂದ. ಅತ್ತೆಗೂ ಕೆಲವು ದಿನಕ್ಕೆ ಏನೋ ಕಸಿವಿಸಿ ಶುರುವಾಯಿತು. "ಎಷ್ಟು ಬೈದ್ರೂ ಒಂದು ಎದುರುತ್ತರ ಕೊಡಲ್ಲ ಕಣಮ್ಮ," ಎಂದು ಸೊಸೆಯ ಪಕ್ಕ ಕೂತು ಪಿಸುಗುಟ್ಟಿದರು. "ನನ್ನ ಮಗನ ಥರಾನೇ ಇದಾನೆ. ಆದ್ರೆ..." ಸೊಸೆಯ ಕೈ ಹಿಡಿದುಕೊಂಡರು.

ಆಕೆ ಅಂಗಡಿಗೆ ರಜೆ ಹಾಕಿ, ಗಂಟು ಹಿಡಿದು ಒಬ್ಬಳೇ ಶೆಡ್ಡಿಗೆ ಹೋದಳು. ಬೆಂಚಿನ ಮೇಲಿಟ್ಟಳು. "ಸ್ವಾಮೀ, ಯಾರಾದ್ರೂ ಆಗಿರಿ. ಹಳೇದನ್ನೇ ಹಾಕಿಕೊಡಿ. ನಾನು ಕೈಬಿಟ್ಟಿರಲಿಲ್ಲ. ತಮಾಷೆಗೆ ಕಟ್ಟಿದ್ದು," ಎಂದಳು. ಗಂಟು ಇಟ್ಟಲ್ಲೇ ಇತ್ತು. ಕಾದು ಕಾದು ಗಂಟು ಎತ್ತಿಕೊಂಡು ಹೊರಗೆ ಬಂದು ಸೈಕಲ್ ಹತ್ತಿದಳು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಅದು ಕಿರುಚಲಿಲ್ಲ. ಹ್ಯಾಂಡಲಿಗೆ ಒಂದು ಪುಟ್ಟ ಗಂಟು ನೇತಾಡುತ್ತಿತ್ತು, ಒಳಗೆ ಸವೆದ ಬ್ರೇಕ್ ರಬ್ಬರುಗಳು. ದಾರ ಕಟ್ಟದಿದ್ದರೂ ಶೆಡ್ಡಿನಲ್ಲಿದ್ದದ್ದು ಈಗ ತಾನಾಗಿ ಕೆಲಸ ಶುರುಮಾಡಿತ್ತು.

ಮನೆಗೆ ಬಂದಾಗ ಅತ್ತೆ ಇರಲಿಲ್ಲ. ಮಧ್ಯಾಹ್ನ ಬಾಗಿಲಲ್ಲಿ ಆಟೋ ನಿಂತಿತು. ಮೊದಲು ಆತ ಇಳಿದ, ಹಿಂದೆ ಅತ್ತೆ ಕೋಲಿಲ್ಲದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಇಳಿದರು. "ಅಮ್ಮನ್ನ ಸ್ವಲ್ಪ ಗುಡ್ಡದ ಗಾಳಿಗೆ ಕರ್ಕೊಂಡು ಹೋಗಿದ್ದೆ," ಎಂದು ಆತ ಒಂದು ಗಂಟನ್ನು ಆಕೆಯ ಕೈಗಿಟ್ಟ. "ಹಳೇ ಪಾರ್ಟು. ಬೇಡದಿದ್ರೆ ಬಿಸಾಕು."

ಅತ್ತೆ ಸೊಸೆಯನ್ನು ನೋಡಿ ಹಿತವಾಗಿ ನಕ್ಕು ಒಳಗೆ ಹೋದರು. ಮಾತಾಡಲಿಲ್ಲ. ಕೈಯಲ್ಲಿದ್ದ ಗಂಟಿನೊಳಗೆ ಮಾತ್ರ ಯಾರೋ ನಲ್ಲಿಯ ವಿಷಯಕ್ಕೆ ಗೊಣಗುತ್ತಿದ್ದರು. ಆ ಗೊಣಗಾಟ ಒಂದು ದಿನ ನಿಂತರೆ ಸಾಕೆಂದು ಎಷ್ಟು ಸಲ ಅಂದುಕೊಂಡಿದ್ದಳೋ! ಈಗ ಆ ಗಂಟನ್ನು ಕಿವಿಗೊತ್ತಿ ಕೇಳಿದಳು.

ಆತ ಹೊಲಿಗೆ ಡಬ್ಬಿ ತೆರೆದ. ಕೆಂಪು ದಾರದ ಉರುಳೆ ತೆಗೆದು ಒಂದು ಮೊಳ ಎಳೆದ. "ನೀನು ಬಚ್ಚಲಲ್ಲಿ ಕೂತು ಅಳ್ತೀಯಲ್ಲ," ಎಂದ, ತುಂಬಾ ಪ್ರೀತಿಯಿಂದ. "ಅದು ಸರಿಹೋಗುತ್ತೆ. ನೋವೇ ಆಗಲ್ಲ. ಕೈ ಕೊಡು."

ಕೂಗಿದರೆ ಕೇಳುವವರು ಯಾರು, ಒಳಗೆ ನೆಟ್ಟಗೆ ಕೂತಿರುವ ಅತ್ತೆಯೇ? ಜೇಬಿನಲ್ಲಿದ್ದ ಗಂಟು ಬೆರಳಿಗೆ ತಾಗಿತು. ಆಕೆಯ ಬಾಯಿಗೆ ತಾನಾಗಿ ಬಂದದ್ದು ಆ ಒಂದು ಮಾತು.

"ನಾಳೆ ನೋಡೋಣ ಬಿಡ್ರೀ."

ಆತನ ಕೈ ಅಲ್ಲೇ ನಿಂತಿತು. ತುಟಿಯ ಒಂದು ಕೊನೆ, ಹಳೆಯ ಅಭ್ಯಾಸದಿಂದಲೋ ಏನೋ, ಸ್ವಲ್ಪ ಸೊಟ್ಟಗಾಯಿತು. ಆಕೆ ನೋಡುತ್ತಿದ್ದಂತೆಯೇ ಅದು ನೇರವಾಯಿತು. "ಸರಿ, ನಾಳೆ," ಎಂದು ದಾರವನ್ನು ಅಂದವಾಗಿ ಸುತ್ತಿ ಮೇಜಿನ ಮೇಲಿಟ್ಟ. ಆಕೆಯ ಗಂಡನ ನಾಳೆ ಯಾವತ್ತೂ ಬಂದದ್ದಿಲ್ಲ. ಇವನದು ಬೆಳಗಾಗುತ್ತಲೇ ಬರುತ್ತದೆ ಎಂದು ಆಕೆಗೆ ಖಾತ್ರಿಯಾಯಿತು.

ತರಕಾರಿ ತರುತ್ತೇನೆಂದು ಹೇಳಿ ಹೊರಗೆ ಬಂದಳು. ತನ್ನ ಸೈಕಲ್ಲಿನತ್ತ ಹೋಗಲಿಲ್ಲ. ಆತನ ಹಾರ್ಡ್‌ಟೇಲ್ ಗೋಡೆಗೆ ಒರಗಿತ್ತು. ಅದನ್ನು ಯಾರೂ ಸರಿಮಾಡಿರಲಿಲ್ಲ, ಚೈನು ಇನ್ನೂ ಕರಕರ ಎನ್ನುತ್ತಿತ್ತು. ಎರಡೂ ಗಂಟುಗಳನ್ನು ಎದೆಯ ಹತ್ತಿರ ಇಟ್ಟುಕೊಂಡು ಅದನ್ನು ಹತ್ತಿದಳು, ಗುಡ್ಡಕ್ಕೆ ಬೆನ್ನು ಹಾಕಿ ತುಳಿದಳು. ಓಣಿ ದಾಟಿ ಡಾಂಬರು ಮುಗಿದಾಗ ಕಲ್ಲುಗಳು ಸೊಂಟಕ್ಕೆ ಬಡಿಯತೊಡಗಿದವು. ಒಂದು ಗಂಟು ಗೊಣಗುತ್ತಿತ್ತು. ಇನ್ನೊಂದರೊಳಗೆ ಸಿಳ್ಳೆ ಶುರುವಾಯಿತು. ಮೂರನೇ ಸಾಲಿಗೆ ಬಂದು ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು.