ಒಂಟಿ ಓಲೆ

"ಕಳೆದದ್ದರ ಜೋಡಿ ತನ್ನಿ. ಇಲ್ಲದಿದ್ರೆ ನಾನು ಮುಳುಗಲ್ಲ" ಎಂದು ಹೇಳಿ ಮುಳುಗಕ್ಕ ನಿನ್ನೆಯೇ ಕೈ ತೊಳೆದುಕೊಂಡಿದ್ದಳು. ಈಗ ನೋಡಿದರೆ ದೋಣಿಕಟ್ಟೆಯ ಹಲಗೆಯ ಮೇಲೆ ಅಕ್ಕ ತಂಗಿಯರಿಬ್ಬರೂ ಬಂದು ನಿಂತಿದ್ದರು, ನಡುವೆ ಇನ್ನಿಬ್ಬರು ನಿಲ್ಲುವಷ್ಟು ಜಾಗ ಬಿಟ್ಟು.

ಮುಳುಗಕ್ಕನಿಗೆ ಬೆಳಗ್ಗೆ ಇಸ್ತ್ರಿ ಅಂಗಡಿ, ಮಧ್ಯಾಹ್ನ ಕೆರೆ. ನೀರಿಗೆ ಬಿದ್ದದ್ದನ್ನು ಹುಡುಕಿಕೊಡಲು ಅವಳ ಬಳಿ ಇದ್ದದ್ದು ಮಕ್ಕಳ ಈಜು ಕನ್ನಡಕ, ಒಂದು ಹಗ್ಗ, ಒಂದು ಇಟ್ಟಿಗೆ. ಇಟ್ಟಿಗೆಯನ್ನು ಎದೆಗವುಚಿಕೊಂಡರೆ ಮೈ ತಾನಾಗಿ ತಳ ಸೇರುತ್ತದೆ. ಅದಕ್ಕೆ ಕಟ್ಟಿದ ಖಾಲಿ ಬಾಟಲಿ ಮೇಲೆ ತೇಲುತ್ತ ಜಾಗದ ಗುರುತು ಹೇಳುತ್ತದೆ. ಉಸಿರಂತೂ ಪುಕ್ಕಟೆ. ನೀರು ಒಂದಾಳುದ್ದವಷ್ಟೇ, ಆದರೆ ತಳವೆಲ್ಲ ಕೆಸರು. ಕುರುಡಾಗಿ ತಡಕಿದರೆ ಅದು ಎದ್ದು ಏನೂ ಕಾಣದು. ಅದಕ್ಕೇ ಅವಳು ಕಳೆದ ವಸ್ತುವಿನಷ್ಟೇ ತೂಕದ್ದನ್ನು ದಾರಕ್ಕೆ ಕಟ್ಟಿಸಿ, ಅದೇ ಜಾಗದಿಂದ ಬಿಡಿಸಿ, ದಾರದ ಬೆನ್ನು ಹಿಡಿದು ಇಳಿಯುತ್ತಿದ್ದಳು.

ಕಳೆದಿದ್ದು ಈ ಅಕ್ಕ ತಂಗಿಯರ ಅಮ್ಮನ ಓಲೆ. ಅಮ್ಮ ಹೋದ ಮೇಲೆ ಜೋಡಿಯನ್ನು ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಾಗದೆ ಒಂದೊಂದು ಹಂಚಿಕೊಂಡಿದ್ದರು. ಅಕ್ಕ ತನ್ನದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು, ತಂಗಿ ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಮಾತುಕತೆ ಅಲ್ಲಿಗೇ ನಿಂತಿತ್ತು. ಮೊನ್ನೆ ಇಲ್ಲಿ ಬಗ್ಗಿ ಮೀನು ನೋಡುವಾಗ ತಂಗಿಯ ಸರ ಹರಿದಿತ್ತು.

"ಗಂಟು ನಾನು ಹಾಕ್ತೀನಿ, ಕೊಡಿ" ಎಂದಳು ಮುಳುಗಕ್ಕ, ಅಕ್ಕ ಬೀರುವಿನಿಂದ ತಂದಿದ್ದ ಓಲೆಗೆ ಕೈಚಾಚಿ.

"ಬೇಡ. ಇನ್ನೊಬ್ಬರ ಕೈಗೆ ಹೋಗಿ ಒಂದು ಕಳೆದಿದ್ದೇ ಸಾಕು" ಎಂದು ಅಕ್ಕ ತಾನೇ ದಾರ ಸುತ್ತತೊಡಗಿದಳು.

"ನಾನೇನು ಬೇಕಂತ ಬೀಳಿಸಿದ್ನಾ?" ಎಂದಳು ತಂಗಿ.

ಅಕ್ಕ ಗಂಟು ಬಿಗಿದಳು. ಓಲೆಗೆ ಒಮ್ಮೆ ಮುತ್ತಿಟ್ಟು ಕೈಬಿಟ್ಟಳು. ದಾರ ಸರಸರನೆ ಇಳಿದು, ತಟ್ಟನೆ ಸಡಿಲವಾಯಿತು. ಎಳೆದು ನೋಡಿದರೆ ತುದಿಯಲ್ಲಿ ಬರೀ ಕುಣಿಕೆ.

"ಅಯ್ಯೋ, ನನ್ನ ಕೈಯಾರೆ..." ಅಕ್ಕ ಹಲಗೆಯ ಮೇಲೆ ಕುಸಿದಳು.

ತಂಗಿ ಬಾಯಿ ತೆರೆದಳು. ಎಷ್ಟು ಕಾಲದಿಂದ ಕೂಡಿಟ್ಟ ಮಾತೋ ಏನೋ, ಆಡಿ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆದರೆ ಆಡಲಿಲ್ಲ. ಮುಳುಗಕ್ಕನ ಸೊಂಟದ ಹಗ್ಗದ ತುದಿಯನ್ನು ಎತ್ತಿ ಅಕ್ಕನ ಕೈಗಿಟ್ಟಳು.

"ಹಿಡ್ಕೋ. ಇಬ್ರೂ ಹಿಡಿಯೋಣ."

ಮುಳುಗಕ್ಕ ಇಟ್ಟಿಗೆ ಅಪ್ಪಿಕೊಂಡು ಇಳಿದಳು. ಮೇಲಿನ ಸದ್ದೆಲ್ಲ ಬಾಗಿಲು ಮುಚ್ಚಿದಂತೆ ನಿಂತುಹೋಯಿತು. ಹಸಿರು ಬೆಳಕು ಮೆಲ್ಲಗೆ ಅಲುಗುತ್ತಿತ್ತು. ಯಾರದೋ ಚಮಚ, ಯಾರದೋ ಒಂಟಿ ಚಪ್ಪಲಿ, ಅದರೊಳಗೆ ಸಂಸಾರ ಹೂಡಿದ್ದ ಸಣ್ಣ ಮೀನುಗಳು. ಇಲ್ಲಿ ಬಂದರೆ ಅವಳಿಗೆ ತನ್ನ ಹೆಸರೂ ಮರೆತುಹೋಗುತ್ತಿತ್ತು, ಅದು ಅವಳಿಗೆ ಇಷ್ಟ. ಅಷ್ಟರಲ್ಲಿ ಕಂಡವು, ಎರಡೂ. ಒಂದು ಗೇಣು ದೂರದಲ್ಲಿ, ಕೆಸರಿಗೆ ಕೆನ್ನೆ ಕೊಟ್ಟು ಮಲಗಿದ್ದವು.

ಸೊಂಟದ ಹಗ್ಗ ಮಿಡುಕುತ್ತಿತ್ತು. ಒಂದು ಕೈ ಗಾಬರಿಯಿಂದ ಜಗ್ಗುತ್ತಿತ್ತು, ಇನ್ನೊಂದು ಅದನ್ನು ತಡೆಯುತ್ತಿತ್ತು. ಎರಡನ್ನೂ ಕೊಟ್ಟರೆ ನಾಳೆಯಿಂದ ಮತ್ತೆ ಒಂದು ಬೀರು, ಒಂದು ಕೊರಳು. ಮುಳುಗಕ್ಕ ಒಂದನ್ನು ಮುಷ್ಟಿಗೆ ತೆಗೆದುಕೊಂಡಳು. ಇನ್ನೊಂದನ್ನು ಇಟ್ಟಿಗೆಯ ಗುಳಿಯಲ್ಲಿ ಮಲಗಿಸಿ, ಮೇಲೊಂದು ಕಲ್ಲು ಹೇರಿ, ಕಾಲಿನಿಂದ ತಳವನ್ನು ಒದ್ದಳು.

"ಒಂದೇ ಸಿಕ್ತು" ಎಂದಳು ಮೇಲೆ ಬಂದು. "ಕೆಸರು ಎದ್ದಿದೆ. ನಾಳೆ ತಿಳಿಯಾದ್ಮೇಲೆ ನೋಡೋಣ." ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಸುಳ್ಳು ಗೊತ್ತಾಗಲಿಲ್ಲ.

ಇಬ್ಬರೂ ಓಲೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅದು ಯಾರದೆಂದು ಇಬ್ಬರಿಗೂ ಗುರುತು ಹತ್ತಲಿಲ್ಲ.

"ನಿಂದೇ ಇರ್ಬೇಕು ಕಣೆ, ಇಟ್ಕೋ."

"ಇಲ್ಲಕ್ಕ, ಇದು ನಿಂದೇ."

ಮುಳುಗಕ್ಕ ತಲೆ ಒರೆಸಿಕೊಳ್ಳುತ್ತ ಆ ಕಡೆ ಮುಖ ತಿರುಗಿಸಿದಳು.

"ನಾಳೆ ಬರ್ತೀವಿ" ಎಂದಳು ಅಕ್ಕ.

ದಂಡೆಯ ತಿರುವಿನಲ್ಲಿ ಅವಳು ನಿಂತು ತಲೆ ಓರೆ ಮಾಡಿದಳು. ತಂಗಿ ತುದಿಗಾಲಲ್ಲಿ ನಿಂತು, ಹಲ್ಲಲ್ಲಿ ನಾಲಿಗೆ ಕಚ್ಚಿಕೊಂಡು, ಓಲೆಯ ತಿರುಪನ್ನು ಅವಳ ಕಿವಿಯ ಹಿಂದೆ ತಿರುಗಿಸುತ್ತಿದ್ದಳು. ಕೆರೆಯ ಮೇಲೆ ಖಾಲಿ ಬಾಟಲಿ ತನ್ನ ಜಾಗ ಬಿಡದೆ ತೇಲುತ್ತಿತ್ತು.