ತಿಳಿಯಾಗುವವರೆಗೆ ನೀರು

ನಮ್ಮನೆಯವರ ಮೂತ್ರಕೋಶದೊಳಗೆ ಬೆಳೆದಿದ್ದ ಗಡ್ಡೆಯನ್ನು ಡಾಕ್ಟರು ದುರ್ಬೀನಿನ ಕೊಳವೆ ತೂರಿಸಿ ಕೆರೆದು ತೆಗೆದರು. ಹೊಟ್ಟೆ ಕೊಯ್ಯಲಿಲ್ಲ. ಕೆರೆಯುವಾಗ ಒಳಗೆ ನೀರು ಹರಿಯುತ್ತಲೇ ಇರಬೇಕಂತೆ, ನಿಂತರೆ ರಕ್ತ ಕಲಕಿ ಕಣ್ಣಿಗೇನೂ ಕಾಣುವುದಿಲ್ಲವಂತೆ. ಮುಗಿದ ಮೇಲೂ ನೀರು ನಿಲ್ಲಲಿಲ್ಲ. ಮಂಚದ ಪಕ್ಕದ ಕಂಬದಲ್ಲಿ ಉಪ್ಪುನೀರಿನ ದೊಡ್ಡ ಚೀಲ, ಅದರಿಂದ ಒಳಗಿಳಿಯುವ ಒಂದು ಪೈಪು, ಹೊರಗೆ ಬರುವ ಇನ್ನೊಂದು, ಮಂಚದ ಕೆಳಗೆ ಇನ್ನೊಂದು ಚೀಲ. ಮೇಲಿಂದ ತಿಳಿಯಾಗಿ ಇಳಿದದ್ದು ಕೆಳಗೆ ಕೆಂಪಾಗಿ ಬೀಳುತ್ತಿತ್ತು.

ನರ್ಸಮ್ಮ ಪೈಪಿನ ಮೇಲಿದ್ದ ಚಿಕ್ಕ ಚಕ್ರ ತೋರಿಸಿ, “ನೀರು ಜೋರು, ನಿಧಾನ ಮಾಡೋದು ಇದ್ರಲ್ಲೇ. ನೀವು ಮುಟ್ಬೇಡಿ, ಬರೀ ಬಣ್ಣ ನೋಡ್ತಿರಿ. ಕೆಂಪು ಜಾಸ್ತಿ ಆದ್ರೆ, ಇಲ್ಲ ಕೆಳಗೆ ಬೀಳೋದು ನಿಂತ್ರೆ, ಓಡಿ ಬಂದು ಹೇಳಿ. ರಕ್ತ ಒಳಗೇ ಹೆಪ್ಪುಗಟ್ಟಿದ್ರೆ ದೊಡ್ಡ ತೊಂದ್ರೆ” ಎಂದಳು.

ಬಣ್ಣ ನೋಡುವ ಕೆಲಸವನ್ನು ನನಗೆ ವಹಿಸಿದರಲ್ಲ ಎಂದು ಅಷ್ಟು ಸಂಕಟದಲ್ಲೂ ನಗು ಬಂತು. ಮಂಚದ ಮೇಲೆ ಮಲಗಿದ್ದವರು ಬಣ್ಣದ ಮೇಷ್ಟ್ರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಎಲ್ಲರೂ ಇವರನ್ನು ಕರೆಯುವುದೇ ಹಾಗೆ. ಬಿಸಿ ತೊಟ್ಟಿಗಳ ನಡುವೆ ಆವಿ ಕುಡಿಯುತ್ತ ಆಯುಷ್ಯ ಸವೆಸಿದ ಮನುಷ್ಯ. ನನ್ನ ಸೀರೆ ಯಾವ ಬಣ್ಣದ್ದೆಂದು ಕಣ್ಣು ಮುಚ್ಚಿಸಿ ಕೇಳಿದ್ದರೆ ತಡವರಿಸುತ್ತಿದ್ದರು, ಅದು ಬೇರೆ ಮಾತು. ಗಡ್ಡೆ ಕಂಡುಹಿಡಿದ ದಿನವೇ ಡಾಕ್ಟರು, “ಬಣ್ಣದ ಕೆಲಸದವ್ರಿಗೆ ಈ ಕಾಯಿಲೆ ಹೆಚ್ಚು. ಇನ್ನು ಆ ಕಡೆ ತಲೆ ಹಾಕ್ಬೇಡಿ” ಎಂದಿದ್ದರು. ನನಗೆ ಬೇಕಾಗಿದ್ದೂ ಅಷ್ಟೇ. ಬದುಕಿ ಮನೆಗೆ ಬರಲಿ, ಆ ಕಾರ್ಖಾನೆಯ ಬಾಗಿಲು ಮತ್ತೆ ತುಳಿಯದಿರಲಿ.

ಮಾರನೆಯ ದಿನ ಸಂಜೆ ಕಾರ್ಖಾನೆಯ ಧಣಿ ಹಣ್ಣಿನ ಬುಟ್ಟಿ ಹಿಡಿಸಿಕೊಂಡು ಬಂದ. ಪೈಪು, ಚೀಲ ಯಾವುದನ್ನೂ ನೋಡಲಿಲ್ಲ. ಹೊಲಸು ಕಂಡರೆ ಮುಖ ತಿರುಗಿಸುವುದು ಅವನಿಗೆ ಹುಟ್ಟುಗುಣ.

“ಮೇಷ್ಟ್ರೇ, ನಾಳೆ ಮಧ್ಯಾಹ್ನ ಸಾಹೇಬ್ರು ಬರ್ತಾರೆ. ನೀವಿಲ್ದೆ ಕೈ ಕಾಲು ಆಡ್ತಿಲ್ಲ. ಆಗಲ್ಲ ಅಂದ್ರೆ ಹೇಳಿ, ಬೇರೆ ಯಾರನ್ನಾದ್ರೂ ನೋಡ್ಕೋತೀನಿ” ಎಂದ.

ಸಾಹೇಬರೆಂದರೆ ಕಾರ್ಖಾನೆಯ ಚರಂಡಿ ಪರೀಕ್ಷೆಗೆ ಬರುವ ಅಧಿಕಾರಿ. ಅವರು ಬರುವ ಹೊತ್ತಿಗೆ ತೊಟ್ಟಿಗಳ ತೂಬು ಅರ್ಧ ಮುಚ್ಚಿ, ಬೋರಿನ ನೀರನ್ನೆಲ್ಲ ಚರಂಡಿಗೆ ತಿರುಗಿಸಿ, ಬಣ್ಣವನ್ನು ನೀರಲ್ಲಿ ಅಡಗಿಸುವುದು ಇವರ ಕೆಲಸ. ಯಾವ ಬಣ್ಣಕ್ಕೆ ಎಷ್ಟು ನೀರು ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದರು. ಕಡಿಮೆಯಾದರೆ ಬಣ್ಣ ಕಾಣುತ್ತದೆ, ಅತಿಯಾದರೆ ಗುಮಾನಿ. ಊಟಕ್ಕೆ ಕೂತಾಗ ಇದನ್ನು ದೊಡ್ಡ ವಿದ್ಯೆಯೆಂಬಂತೆ ಮಗಳಿಗೆ ವಿವರಿಸುತ್ತಿದ್ದರು, ಅವಳು ತುತ್ತು ಮರೆತು ಕೇಳುತ್ತಿದ್ದಳು. ಕೆಳಗಿನ ಬೀದಿಯವರ ಬಾವಿಯ ಗತಿಯೇನು ಎಂದು ನಾನು ಬಾಯಿ ಹಾಕಿದರೆ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುತ್ತಿದ್ದರು.

“ಬೇರೆಯವ್ರು ಯಾಕೆ? ನಾಳೆ ಬೆಳಿಗ್ಗೆ ಪೈಪ್ ತೆಗೀತಾರೆ, ಬರ್ತೀನಿ” ಎಂದರು ಇವರು.

ನನ್ನ ಮೈಯೆಲ್ಲ ಉರಿದುಹೋಯಿತು. “ಎದ್ದು ಕೂರೋಕೆ ಆಗಲ್ಲ, ಎಲ್ಲಿಗ್ರೀ ಬರ್ತೀರಿ?” ಎಂದೆ. ಧಣಿ ನನ್ನನ್ನು ನೋಡಿ ಹಲ್ಲು ಕಿರಿದು, ಬುಟ್ಟಿಯನ್ನು ಹಾಸಿಗೆಯ ಮೇಲಿಟ್ಟು ಹೋದ.

ಬೆಳಿಗ್ಗೆಯೂ ಕೆಂಪು ತಿಳಿಯಾಗಿರಲಿಲ್ಲ. ಡಾಕ್ಟರು ಬರುವುದರೊಳಗೆ ಮುಖ ತೊಳೆದು ಬರೋಣವೆಂದು ನಾನು ಎದ್ದೆ. ವಾಪಸು ಬರುವಷ್ಟರಲ್ಲಿ ಡಾಕ್ಟರು ಮಂಚದ ಬಳಿ ನಿಂತಿದ್ದರು. ಹೊರಗೆ ಬರುವ ಪೈಪು ಗಾಜಿನಷ್ಟು ಸ್ವಚ್ಛ. ಕೆಳಗಿನ ಚೀಲವನ್ನೂ ಆಯಾ ಆಗಷ್ಟೇ ಖಾಲಿ ಮಾಡಿ ಹೋಗಿದ್ದಳಂತೆ.

“ಚೆನ್ನಾಗಿ ತಿಳಿಯಾಗಿದೆ. ನೀರು ನಿಲ್ಸಿ ನೋಡೋಣ. ಹೀಗೇ ಇದ್ರೆ ಮಧ್ಯಾಹ್ನ ಪೈಪ್ ತೆಗೆಯೋಣ” ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ನರ್ಸಮ್ಮ ಚಕ್ರ ತಿರುಗಿಸಿ ನೀರು ನಿಲ್ಲಿಸಿದಳು. ನಾನು ಸಮಾಧಾನದ ಉಸಿರು ಬಿಟ್ಟು ಮಗಳಿಗೆ ಫೋನ್ ಮಾಡಿ, ಅಪ್ಪ ಗೆದ್ದರು ಕಣೇ, ಬೇಗ ಬಾ ಎಂದೆ.

ಅವಳು ಬರುವ ಹೊತ್ತಿಗೆ ಇವರ ಹಣೆಯ ಮೇಲೆ ಬೆವರಿತ್ತು. ಮುಖದಲ್ಲಿ ಮಾತ್ರ ತುಂಟ ನಗು.

“ಡಾಕ್ಟ್ರು ಎಷ್ಟು ಓದಿದ್ರೇನು? ನೀನು ಮುಖ ತೊಳೆಯೋಕೆ ಹೋದಾಗ ಚಕ್ರ ಪೂರ್ತಿ ಬಿಟ್ಟು ನೀರು ಜೋರು ಮಾಡಿದ್ದೆ. ಅವ್ರು ಬಾಗಿಲಿಗೆ ಬಂದಾಗ ಮೊದಲಿನ ಹಾಗೇ ತಿರುಗಿಸ್ದೆ. ಸಾಹೇಬ್ರಾದ್ರೇನು, ಡಾಕ್ಟ್ರಾದ್ರೇನು, ಕಣ್ಣಿಗೆ ಕಂಡಿದ್ದೇ ತಾನೇ?” ಎಂದರು.

ನಾನು ಕಂಬದತ್ತ ತಿರುಗಿದೆ. ಮೇಲಿನ ಚೀಲ ಬತ್ತಿಹೋಗಿತ್ತು. ಕೆಳಗೆ ಬೀಳುವುದು ನಿಂತೇಹೋಗಿತ್ತು. ನರ್ಸಮ್ಮನ ಬಳಿ ಓಡಿದೆ. ಅವಳು ಬಂದು ದೊಡ್ಡ ಸಿರಿಂಜಿನಿಂದ ಎಳೆದಳು, ತಳ್ಳಿದಳು, ಮತ್ತೆ ಎಳೆದಳು. ಕಪ್ಪು ಹೆಪ್ಪಿನ ಒಂದೆರಡು ಚೂರು ಬಂದವು, ಅಷ್ಟೇ. ಇವರ ಕಿಬ್ಬೊಟ್ಟೆ ಕಲ್ಲಾಗಿತ್ತು. ಅಮ್ಮಾ ಎಂದು ಕೂಗಿದರು. ನನ್ನನ್ನಲ್ಲ, ಸತ್ತುಹೋದ ಅವರಮ್ಮನನ್ನು.

ಮತ್ತೆ ಆಪರೇಷನ್ ಕೋಣೆಗೆ ಸಾಗಿಸಿದರು. ಬಾಗಿಲಲ್ಲಿ ಡಾಕ್ಟರು, “ಬೆಳಿಗ್ಗೆ ಅಷ್ಟು ತಿಳಿಯಾಗಿತ್ತಲ್ಲ, ಇದೆಲ್ಲಿಂದ ಬಂತು?” ಎಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೊರಗಿನ ಬೆಂಚಿನಲ್ಲಿ ನಾನೂ ಮಗಳೂ ಕೂತೆವು. ರಸಾಯನಶಾಸ್ತ್ರ ಓದಿದ ಹುಡುಗಿ, ಎಷ್ಟು ಕಡೆ ಅರ್ಜಿ ಹಾಕಿದರೂ ಕೆಲಸ ಸಿಕ್ಕಿರಲಿಲ್ಲ. ಅಪ್ಪನ ಫೋನು ಅವಳ ಮಡಿಲಲ್ಲಿತ್ತು. ಅದು ಎರಡು ಸಲ ಬಡಿದುಕೊಂಡಿತು. ಎದ್ದು ಅತ್ತ ಹೋಗಿ ಮಾತಾಡಿ ಬಂದಳು.

“ಮನೆಗೆ ಹೋಗಿ ಬಟ್ಟೆ ತರ್ತೀನಮ್ಮ” ಎಂದಳು.

“ಈಗ್ಲೇನೇ?”

“ಬೇಕಾಗತ್ತಲ್ಲ” ಎಂದು ಹೊರಟೇಬಿಟ್ಟಳು.

ಬಹಳ ಹೊತ್ತಾದ ಮೇಲೆ ಡಾಕ್ಟರು ಬಂದರು. ರಕ್ತ ಕಟ್ಟಿಕೊಂಡ ಒತ್ತಡಕ್ಕೆ ಕೆರೆದ ಜಾಗ ಬಿರಿದಿತ್ತಂತೆ, ಹೊಟ್ಟೆ ಕೊಯ್ದು ಹೊಲಿದರಂತೆ. ಜೀವಕ್ಕೆ ಭಯವಿಲ್ಲ. ಆದರೆ ಇನ್ನು ಭಾರ ಎತ್ತುವಂತಿಲ್ಲ, ಹೊತ್ತುಗಟ್ಟಲೆ ನಿಲ್ಲುವಂತಿಲ್ಲ. “ಕಾರ್ಖಾನೆ ಮಾತೇ ಬೇಡ” ಎಂದರು. ನನಗೆ ಸಂತೋಷವಾಯಿತು. ಗಂಡನ ಹೊಟ್ಟೆ ಬಗೆದ ದಿನ ಖುಷಿಪಟ್ಟ ಹೆಂಡತಿ ನಾನೊಬ್ಬಳೇ ಇರಬೇಕು. ಕೊನೆಗೂ ಬಿಡಿಸಿಕೊಂಡೆನಲ್ಲ ಎಂದು ಅದೇ ಬೆಂಚಿನ ಮೇಲೆ ಅತ್ತೆ.

ಸಂಜೆ ಇವರಿಗೆ ಎಚ್ಚರವಾಗುವ ಹೊತ್ತಿಗೆ ಮಗಳು ಬಂದಳು. ಬಟ್ಟೆಯ ಚೀಲ ತಂದಿರಲಿಲ್ಲ. ಮೊಣಕೈವರೆಗೆ ನೀಲಿ ಹತ್ತಿತ್ತು, ಮೈಯಿಂದ ಕಾರ್ಖಾನೆಯ ಆ ಹಾಳು ವಾಸನೆ ಬರುತ್ತಿತ್ತು. ಇವರು ಕಷ್ಟಪಟ್ಟು ಕಣ್ಣು ತೆರೆದು ಆ ಕೈ ನೋಡಿದರು. ಕೇಳಿದ್ದು ಒಂದೇ ಮಾತು.

“ಹೇಗಿತ್ತು?”

“ತಿಳಿಯಾಗಿತ್ತಪ್ಪ. ಸಾಹೇಬ್ರು ಬಾಟ್ಲಿಯಲ್ಲಿ ಹಿಡ್ಕೊಂಡು ನೋಡಿ, ತಲೆ ಆಡಿಸಿ ಹೋದ್ರು. ನಾಳೆಯಿಂದ ನೀನೇ ಬಾ ಅಂದ್ರು ಧಣಿ.”

ಇವರ ಒಣಗಿದ ತುಟಿ ಅರಳಿತು. ನಮ್ಮ ಮದುವೆಯ ಫೋಟೋದಲ್ಲೂ ಇಷ್ಟು ಚೆನ್ನಾಗಿ ನಕ್ಕಿಲ್ಲ ಈ ಮನುಷ್ಯ.

ನಾನು ಅವಳನ್ನು ದರದರ ಎಳೆದುಕೊಂಡು ಹೋಗಿ, ಮೂಲೆಯ ನಲ್ಲಿ ತಿರುಗಿಸಿ, ಅವಳ ಕೈಯನ್ನು ಸೋಪು ಹಾಕಿ ಉಜ್ಜಿದೆ. ಚರ್ಮ ಕೆಂಪೇರಿತು, ನೀಲಿ ಹೋಗಲಿಲ್ಲ. ಕಾಲು ಹಿಡ್ಕೋತೀನಿ ಕಣೇ, ಹೋಗಬೇಡ, ನಿಮ್ಮಪ್ಪನ ಗತಿ ನೋಡಿದೆಯಲ್ಲ ಎಂದೆ. ಅವಳು ನನ್ನ ಕೈ ಬಿಡಿಸಿಕೊಂಡು ನಲ್ಲಿ ನಿಲ್ಲಿಸಿದಳು.

“ಅಪ್ಪ ಇನ್ನು ಹೋಗಲ್ಲ ಅಂತ ನಿಂಗೆ ಸಮಾಧಾನ ಆಯ್ತಲ್ಲ. ಯಾರಾದ್ರೂ ಒಬ್ರು ದುಡೀಬೇಕಲ್ಲಮ್ಮ” ಎಂದಳು.